ಒಂದೇ ಧಾಟಿಯ ಎರಡು ಹಾಡು

ಧನುಶ್ರೀಗೆ ಕೊರಿಯನ್ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ 'ರುನೆಲ್' ಎಂಬ ಕೊರಿಯಾದ ಐದು ಹುಡುಗಿಯರ ಹಾಡುತಂಡದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಸಾಕು, ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದಳು. ಇನ್‌ಸ್ಟಾಗ್ರಾಮಿನಲ್ಲಿ 'ರುನೆಲ್ ಕೊಡಗು' ಅಂತ ಪೇಜು ನಡೆಸುತ್ತಿದ್ದಳು. ಮುನ್ನೂರ ಹನ್ನೆರಡು ಜನ ಅದನ್ನು ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಅವಳ ಬಿ.ಕಾಂ. ಕಾಲೇಜಿನವರು, ಒಬ್ಬರು ಗಾಳಿಬೀಡಿನ ಹೋಂಸ್ಟೇಯವರು. ಹೋಂಸ್ಟೇಯವರು ಯಾಕೆ ಬಂದು ಸೇರಿದರೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಈ ಪೇಜಿನ ದೆಸೆಯಿಂದಲೇ ಅವಳು ಬಸ್ಸಿನಲ್ಲಿ ಸೀಟು ಕಳೆದುಕೊಂಡಿದ್ದು.

ಅವಳ ಗೆಳತಿ ಶರ್ಮಿಳಾ ಸೋಮವಾರಪೇಟೆಯಲ್ಲಿ ಕಾಲೇಜಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಇನ್ನೊಂದು ಸೀಟನ್ನು ಕೂಡಿಗೆಯಲ್ಲಿ ಹತ್ತುವ ಧನುಶ್ರೀಗೆಂದು ಹಿಡಿದಿಡುತ್ತಿದ್ದಳು. ಪಿಯುಸಿಯಿಂದಲೂ ಹಾಗೆಯೇ. ಒಂದೇ ಇಯರ್‌ಫೋನು, ಎಡದ್ದು ಧನುಶ್ರೀಯ ಕಿವಿಗೆ, ಬಲದ್ದು ಶರ್ಮಿಳಾಳ ಕಿವಿಗೆ. ಶರ್ಮಿಳಾಗೆ 'ಸೆವಿಯಾ' ಎಂದರೆ ಪ್ರಾಣ. ಅದೂ ಕೊರಿಯಾದ ತಂಡವೇ, ರುನೆಲ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲಿನದು, ಒಂದೇ ಕಂಪನಿಯದು. ಹಿಂದಿನ ಕಾಲದ ಕಾಫಿ ಬೆಳೆಗಾರರು ಕಾಫಿ ಬೋರ್ಡನ್ನು ಬರೀ 'ಬೋರ್ಡು' ಅನ್ನುತ್ತಿದ್ದ ಗೌರವದಲ್ಲಿ ಇವರಿಬ್ಬರೂ ಅದನ್ನು ಬರೀ 'ಕಂಪನಿ' ಅನ್ನುತ್ತಿದ್ದರು.

ರುನೆಲ್ ಹೊಸ ಹಾಡು ಬಿಟ್ಟ ಬೆಳಿಗ್ಗೆ ಶರ್ಮಿಳಾ ಅರ್ಧ ನಿಮಿಷ ಕೇಳಿ ನಕ್ಕಳು. "ಇದು ಸೆವಿಯಾದು ಹೋದ್ವರ್ಷದ ಹಾಡಲ್ವೇನೇ? ಡ್ರೆಸ್ ಬದಲಾಯ್ಸಿ ಕಳ್ಸಿದಾರೆ ಅಷ್ಟೆ."

ಧನುಶ್ರೀ ಅವಳ ಕಿವಿಯಿಂದ ಇಯರ್‌ಫೋನು ಕಿತ್ತುಕೊಂಡಳು. ಸಂಜೆ ಪೇಜಿನಲ್ಲಿ ಬರೆದಳು: "ಎರಡೂ ಒಂದೇ ಅನ್ನುವವರು ಮೊದಲು ಕಿವಿ ತೊಳೆಸಿಕೊಳ್ಳಿ. ಎರಡೂ ಒಂದೇ ಅಂತ ಯಾರಾದರೂ ತೋರಿಸಿಕೊಟ್ಟರೆ ಈ ಪೇಜ್ ಮುಚ್ಚುತ್ತೇನೆ."

ಮಾರನೆಯ ದಿನ ಆ ಸೀಟಿನ ಮೇಲೆ ಶರ್ಮಿಳಾಳ ಬ್ಯಾಗು ಕೂತಿತ್ತು. ಎಂಟು ತಿಂಗಳು ಅದು ಅಲ್ಲೇ ಕೂತು ಪ್ರಯಾಣ ಮಾಡಿತು. ಧನುಶ್ರೀ ಕಂಬಿ ಹಿಡಿದು ನಿಂತೇ ಕಾಲೇಜು ಮುಟ್ಟುತ್ತಿದ್ದಳು. 'ಬ್ಯಾಗ್ ತೆಗಿ' ಅನ್ನುವ ಎರಡು ಮಾತು ನಾಲಿಗೆಯ ತುದಿಗೆ ಬರುತ್ತಿದ್ದವು. ಆದರೆ ಅದಕ್ಕೂ ಮೊದಲು 'ತಪ್ಪಾಯ್ತು' ಅನ್ನಬೇಕಿತ್ತಲ್ಲ, ಅದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಎರಡು ಹಾಡಿಗೂ ಇರುವ ವ್ಯತ್ಯಾಸದ ಪಟ್ಟಿ ಮಾಡಲೆಂದು ಒಂದು ಭಾನುವಾರ ಅವೆರಡನ್ನೂ ಹದಿನಾಲ್ಕು ಸಲ ಹಾಕಿ ಕೇಳಿದಳು. ಅಂಗಳದಲ್ಲಿ ಶುಂಠಿಯ ಮಣ್ಣು ಬಿಡಿಸುತ್ತಿದ್ದ ತಾಯಿ ಕಾಳಮ್ಮ ತಲೆ ಎತ್ತಿದರು. "ಬೆಳಗ್ಗಿಂದ ಅದೊಂದೇ ಹಾಡು ಬಡ್ಕೊಳ್ತಾ ಐತಲ್ಲೇ. ಬೇರೆ ಇಲ್ವಾ?"

"ನಿಂಗೇನವ್ವ ಗೊತ್ತಾಯ್ತದೆ!" ಎಂದು ಮಗಳು ಎದ್ದು ಒಳಗೆ ಹೋದಳು. ಪಟ್ಟಿ ಮಾತ್ರ ಎರಡನೆಯ ಸಾಲು ದಾಟಲಿಲ್ಲ.

ಹೀಗಿರುವಾಗ ಕಾಲೇಜ್ ಡೇ ಬಂತು. ಗುಂಪು ನೃತ್ಯದ ಸ್ಪರ್ಧೆಯಲ್ಲಿ ಜಗಳ ಹತ್ತಿಸಿದ ಅದೇ ರುನೆಲ್ ಹಾಡಿಗೆ ಧನುಶ್ರೀಯ ತಂಡ, ಅದರ ಬೆನ್ನಿಗೇ ಸೆವಿಯಾದ ಆ ಹಾಡಿಗೆ ಶರ್ಮಿಳಾಳ ತಂಡ. ಮೈಕು, ಸ್ಪೀಕರುಗಳ ಹೊಣೆ ನಾಪೋಕ್ಲುವಿನ ಸಾಂತಪ್ಪನದು. ಆತ ಮದುವೆ ಕಾಲದಲ್ಲಿ ವಾಲಗದವರ ಜೊತೆ ಪೀಪಿ ಊದುವವನು, ಉಳಿದ ದಿನ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಎರಡೂ ತಂಡದವರು ತಮ್ಮ ತಮ್ಮ ಪೆನ್‌ಡ್ರೈವನ್ನು ಬೆಳಿಗ್ಗೆಯೇ ಅವನ ಕೈಗೆ ಕೊಟ್ಟಿದ್ದರು.

ಧನುಶ್ರೀಯ ತಂಡ ವೇದಿಕೆಗೆ ಬಂದು, ಸಭೆಗೆ ಬೆನ್ನು ಹಾಕಿ, ಕೈ ಮೇಲೆತ್ತಿ ನಿಂತಿತು. ಸ್ವಲ್ಪ ತಡವಾಯಿತು. ಆಮೇಲೆ ಹಾಡು ಶುರುವಾಯಿತು. ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿದ್ದರಿಂದ ವೇದಿಕೆಯ ಮೇಲೆ ಕೇಳುತ್ತಿದ್ದುದು ಶಿಳ್ಳೆ ಮತ್ತು ಎದೆ ಗುದ್ದುವ ಧಮ್ ಧಮ್ ಮಾತ್ರ. ಅದು ಸಾಕಾಗಿತ್ತು. ತಿರುಗುವಲ್ಲಿ ತಿರುಗಿದರು, ಕೂರುವಲ್ಲಿ ಕೂತರು, ಕೂದಲು ಬೀಸುವಲ್ಲಿ ಬೀಸಿದರು. ಒಂದು ಹೆಜ್ಜೆ ತಪ್ಪಲಿಲ್ಲ. ಇದಪ್ಪಾ ನಮ್ಮ ರುನೆಲ್ ಅಂದರೆ, ಎಂದು ಧನುಶ್ರೀಯ ಕಣ್ಣು ತುಂಬಿ ಬಂತು.

ಮುಂದೆ ಶರ್ಮಿಳಾಳ ತಂಡ ಬಂತು. ಹಾಡು ಹತ್ತಿದ್ದೇ ತಡ, ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್ ಅಂತ ಯಾರಪ್ಪಾ ಕೇಳಿದ್ದು?" ಇಡೀ ಸಭೆ ಗೊಳ್ಳೆಂದಿತು. ಶರ್ಮಿಳಾಳ ತಂಡದ ಇಬ್ಬರಿಗೆ ಹೆಜ್ಜೆ ತಪ್ಪಿತು. ಮೊದಲ ಬಹುಮಾನದ ಶೀಲ್ಡು ಧನುಶ್ರೀಯ ಪಾಲಾಯಿತು. ಶರ್ಮಿಳಾಳ ತಂಡದ ಹೆಸರನ್ನು ಯಾರೂ ಕರೆಯಲಿಲ್ಲ.

ಶೀಲ್ಡನ್ನು ಕಂಕುಳಲ್ಲಿ ಇರುಕಿಕೊಂಡು ಧನುಶ್ರೀ ಪೆನ್‌ಡ್ರೈವ್ ಕೇಳಲು ಹೋದಳು.

"ನಿಂದು ಓಪನ್ನೇ ಆಗ್ಲಿಲ್ಲ ಮಗಾ," ಎಂದ ಸಾಂತಪ್ಪ ವಯರು ಸುತ್ತುತ್ತಾ. "ನೀವು ಕೈ ಎತ್ಕೊಂಡು ನಿಂತ್‌ಬಿಟ್ಟಿದ್ರಿ. ಆ ಇನ್ನೊಂದು ಹುಡುಗಿದು ಇತ್ತಲ್ಲ, ಅದ್ನೇ ಹಾಕ್ದೆ."

"ಏನಂದ್ರಿ?"

"ಬೆಳಿಗ್ಗೆ ಎರಡೂ ಕೇಳಿ ನೋಡಿದ್ದೆನಲ್ಲ, ಧಾಟಿ ಒಂದೇ. ನಮ್ಮ ವಾಲಗದಲ್ಲೂ ಹಂಗೇ ಮಗಾ. ಒಬ್ಬಂದು ಪೀಪಿ ಕೈ ಕೊಟ್ರೆ ಪಕ್ಕದವ್ನು ಎತ್ಕೊಳ್ತಾನೆ, ಕುಣಿಯೋರ್ನ ಮಾತ್ರ ನಿಲ್ಸ್‌ಬಾರ್ದು. ನಿಂಗೂ ಗೊತ್ತಾಗ್ಲಿಲ್ವಲ್ಲ, ಮತ್ತೇನು?"

ಧನುಶ್ರೀಯ ಮುಖ ಸುಟ್ಟಹಾಗಾಯಿತು. ಎಂಟು ತಿಂಗಳಿನಿಂದ ಜಗತ್ತಿನ ಕಿವಿ ತೊಳೆಸಲು ಹೊರಟವಳು ಸೆವಿಯಾದ ಹಾಡಿಗೆ ಕಣ್ಣೀರು ತುಂಬಿಕೊಂಡು ಕುಣಿದಿದ್ದಳು!

"ಆ ಹುಡುಗಿ ಓಡಿ ಬಂದಿದ್ಲು, ಇದು ನಂದು ಅಂತ," ಸಾಂತಪ್ಪ ಮಾತು ಮುಂದುವರಿಸಿದ. "ನಿಲ್ಸ್ಲಾ ಅಂದೆ. ನಿನ್ನನ್ನೇ ನೋಡ್ತಾ ನಿಂತ್ಲು. ಬೇಡ ಅಂಕಲ್, ಬಿಡಿ ಅಂದ್ಲು."

ಆ ರಾತ್ರಿ ಪೇಜು ಮುಚ್ಚಿತು. ಮುನ್ನೂರ ಹನ್ನೆರಡು ಜನರಲ್ಲಿ ಒಬ್ಬರೂ ಏಕೆಂದು ಕೇಳಲಿಲ್ಲ, ಹೋಂಸ್ಟೇಯವರು ಸಹ.

ಮಾರನೆಯ ಬೆಳಿಗ್ಗೆ ಕೂಡಿಗೆಯಲ್ಲಿ ಬಸ್ಸು ಹತ್ತಿದಾಗ ಬ್ಯಾಗು ಎಂದಿನ ಜಾಗದಲ್ಲೇ ಇತ್ತು. ಧನುಶ್ರೀ ಕಂಬಿ ಹಿಡಿಯಲಿಲ್ಲ. ಶೀಲ್ಡನ್ನು ತೆಗೆದು ಶರ್ಮಿಳಾಳ ಮಡಿಲಲ್ಲಿಟ್ಟಳು.

"ಯಾಕೇ ನಿಲ್ಲಿಸ್ಲಿಲ್ಲ?"

"ಅಷ್ಟು ಚೆನ್ನಾಗಿ ಕುಣೀತಿದ್ಯಲ್ಲೇ," ಎಂದಳು ಶರ್ಮಿಳಾ ಕಿಟಕಿಯಾಚೆ ನೋಡುತ್ತಾ. "ನನ್ನ ಹಾಡಿಗೆ ನೀನು ಕುಣಿದಿದ್ದು ಅದೇ ಮೊದಲು." ಆಮೇಲೆ ತಡೆಯಲಾಗದೆ ನಕ್ಕಳು. "ಎಂಟು ತಿಂಗಳು ಕಾದಿದ್ದೆ ಕಣೇ, ನಿಂಗೆ ಬುದ್ಧಿ ಕಲಿಸ್ಬೇಕು ಅಂತ. ಹಾಳಾದೋಳು, ಶೀಲ್ಡೂ ಹೊಡ್ಕೊಂಡ್ಯಲ್ಲ."

ಅಷ್ಟರಲ್ಲಿ ಇಬ್ಬರ ಮೊಬೈಲೂ ಒಟ್ಟಿಗೇ ಗುಂಯ್ ಅಂದವು. ಕಂಪನಿಯು ಮೂರನೆಯ ತಂಡವೊಂದನ್ನು ಹುಟ್ಟಿಸಿ, ಅದರ ಮೊದಲ ಹಾಡನ್ನು ಲೋಕಾರ್ಪಣೆ ಮಾಡಿತ್ತು. ಶರ್ಮಿಳಾ ಇಯರ್‌ಫೋನು ತೆಗೆದು ಎಡದ್ದನ್ನು ಇತ್ತ ಚಾಚಿದಳು. ತಂತಿ ನಿಂತವಳ ಕಿವಿಗೆ ಎಟುಕಲಿಲ್ಲ. ಶರ್ಮಿಳಾ ಬ್ಯಾಗನ್ನು ಎತ್ತಿ ಕಾಲ ಬುಡದಲ್ಲಿಟ್ಟಳು, ಧನುಶ್ರೀ ಕೂತಳು.

ಅರ್ಧ ನಿಮಿಷ ಇಬ್ಬರೂ ಕೇಳಿದರು.

"ಇದು ನಂದಾ, ನಿಂದಾ?" ಶರ್ಮಿಳಾ ಕೇಳಿದಳು.

ಧನುಶ್ರೀ ಕಣ್ಣು ಮುಚ್ಚಿ ಇನ್ನೊಮ್ಮೆ ಮೊದಲಿನಿಂದ ಕೇಳಿದಳು.

"ಗೊತ್ತಾಗ್ತಿಲ್ಲ ಕಣೇ," ಎಂದಳು.