ಮೂರು ಸೆಕೆಂಡು

"ಪುಕ್ಕಟೆ ಹಂಚೋಕೆ ಹೋಗಿ ಒಬ್ಬ ಹೆಂಗಸಿನ ಕೈ ತಿಂದ್ಯಲ್ಲೋ ಬೋಳಿಮಗನೇ!"

ಉಗ್ರಾಣದ ಮ್ಯಾನೇಜರು ಮೇಜು ಗುದ್ದಿದ. ನೀರಿನ ಲೋಟ ಅಲುಗಿತು. ನಾನು ಲೋಟವನ್ನೇ ನೋಡುತ್ತಿದ್ದೆ. ಕೆಲಸದ ಜಾಗದಿಂದ ನೇರ ಕರೆಸಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಬಿಳಿ ಕುರ್ಚಿಗೆ ಕೊಳೆ ಹತ್ತೀತೆಂದು ಹಳೇ ಪೇಪರು ಹಾಸಿ ಅದರ ಮೇಲೆ ನನ್ನನ್ನು ಕೂರಿಸಿದ್ದರು.

ನಾನು ಲಿಫ್ಟ್ ರಿಪೇರಿಯವನು. ಹಳೇ ಲಿಫ್ಟುಗಳಿಗೆ ಬಿಡಿಭಾಗ ಬರುವುದು ನಿಂತಾಗ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಬಾಗಿಲ ನಡುವೆ ಕೈಯೋ ಕಾಲೋ ಇದೆಯಾ ಎಂದು ನೋಡಿ, ಕಾದು, ಆಮೇಲೆ ಬಾಗಿಲು ಮುಚ್ಚಿಸುವ ಪ್ರೋಗ್ರಾಂ. ಯಾರು ಬೇಕಾದರೂ ತಗೊಳ್ಳಲಿ, ತಿದ್ದಲಿ ಅಂತ ಇಂಟರ್ನೆಟ್ಟಿಗೆ ಹಾಕಿದೆ. ತಿದ್ದಲು ಇಬ್ಬರು ಬಂದರು. ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಇನ್ನೊಬ್ಬಳು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು, ನನ್ನನ್ನು ಅಣ್ಣ ಅನ್ನುತ್ತಾಳೆ. ಆರು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದೆವು. ಎಷ್ಟೋ ಆಸ್ಪತ್ರೆಗಳು ಹಾಕಿಕೊಂಡವು. ಈ ಉಗ್ರಾಣವೂ ಹಾಕಿಕೊಂಡಿತ್ತು, ಸರಕಿನ ಲಿಫ್ಟಿಗೆ.

ಬಾಗಿಲು ಮೂರು ಸೆಕೆಂಡು ಕಾಯಬೇಕು ಅಂತ ನಾವು ಬರೆದಿದ್ದೆವು. ಹಳೇ ಲಿಫ್ಟಿನ ಕಣ್ಣಿಗೆ ಕೈ ಕಾಣಲು ಒಂದು ಸೆಕೆಂಡು ಸಾಲದು. ಸರಕು ಇನ್ನೂ ಬೇಗ ಇಳಿಯಬೇಕು, ಒಂದು ಸೆಕೆಂಡು ಮಾಡುವುದು ಹೇಗೆ ಎಂದು ಇವರ ಕಡೆಯವರು ಪತ್ರ ಹಾಕಿದ್ದರು. ಬೇಡ, ಕೈ ಹೋಗುತ್ತೆ ಎಂದು ಮೂರು ಸಲ ಉತ್ತರ ಬರೆದೆವು. ಅವರೇ ಮಾಡಿಕೊಂಡರು.

ಆ ಪತ್ರಗಳನ್ನು ನಾನು ಮೇಜಿನ ಮೇಲಿಟ್ಟೆ. ಕಂಪನಿಯ ವಕೀಲರು ಸಾವಕಾಶವಾಗಿ ಓದಿದರು.

"'ನಾವು ಹೇಳುವುದೇನೆಂದರೆ' ಅಂತ ಇದೆಯಲ್ಲ. ಈ 'ನಾವು' ಅಂದ್ರೆ ಯಾರು?"

"ನಾವು ಮೂರು ಜನ ಸಾರ್."

"ಸಂಘವಾ? ಟ್ರಸ್ಟಾ? ಕಂಪನಿಯಾ?"

"ಯಾವ್ದೂ ಅಲ್ಲ."

"ಹಾಗಾದ್ರೆ ಕಾನೂನಿಗೆ 'ನಾವು' ಅನ್ನೋರು ಗೊತ್ತೇ ಇಲ್ಲ ನೋಡಿ. ಸಂಘ ಇದ್ದಿದ್ರೆ ಕೇಸು, ಪರಿಹಾರ ಎಲ್ಲ ಸಂಘದ ಮೇಲೆ ಬೀಳ್ತಿತ್ತು, ನಿಮ್ಮ ಮನೆಗಳು ಉಳೀತಿದ್ವು. ಈಗ ನೀವು, ಆ ಮೇಷ್ಟ್ರು, ಆ ಹೆಂಗಸು, ಒಬ್ಬೊಬ್ಬರೂ ಸಿಗ್ತೀರಿ. ಮೊದಲ ಹೆಸರು ನಿಮ್ದೇ."

"ಜವಾಬ್ದಾರಿ ನಮ್ಮದಲ್ಲ ಅಂತ ಪ್ರೋಗ್ರಾಮಿನ ಮೊದಲಲ್ಲೇ ಬರ್ದಿದೀವಿ ಸಾರ್."

"ಬರೀಬಹುದು. ಆ ಮಾತನ್ನ ಕೋರ್ಟಲ್ಲಿ ಎಷ್ಟು ವರ್ಷ ಎಳೀತೀರಿ? ವಕೀಲರು ಇದಾರಾ ನಿಮಗೆ?" ಅವರು ಒಂದು ಹಾಳೆ ನನ್ನತ್ತ ತಳ್ಳಿದರು. ತಪ್ಪು ಪ್ರೋಗ್ರಾಮಿನದು, ನಾವು ಮೂವರೂ ಒಪ್ಪಿದ್ದೇವೆ ಎಂದು ಅದರಲ್ಲಿತ್ತು. "ಸೈನ್ ಹಾಕಿ. ಮನೆ ವಿಷಯಕ್ಕೆ ಬರದ ಹಾಗೆ ನಾನು ನೋಡ್ಕೋತೀನಿ."

"ಯೋಚನೆ ಮಾಡಿ ಹೇಳ್ತೀನಿ" ಅಂದೆ. ಮ್ಯಾನೇಜರು ನಕ್ಕ. "ಯೋಚ್ನೆ ಮಾಡ್ತಾನಂತೆ, ದೊಡ್ಡ ಮನುಷ್ಯ!"

ಸಂಘ ಮಾಡಲು ನಾವು ಹೋಗಿರಲಿಲ್ಲ ಅಂತೇನಿಲ್ಲ. ಹಿಂದಿನ ವರ್ಷ ಮೇಷ್ಟ್ರೇ ಎಳೆದುಕೊಂಡು ಹೋಗಿದ್ದರು. ನೋಂದಣಿ ಕಚೇರಿಯಲ್ಲಿ ಮಧ್ಯಾಹ್ನದವರೆಗೂ ನಿಂತೆವು. ಗುಮಾಸ್ತ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಏನು ಮಾರ್ತೀರಿ?"

"ಏನೂ ಮಾರಲ್ಲ, ಸುಮ್ನೆ ಕೊಡ್ತೀವಿ" ಎಂದರು ಮೇಷ್ಟ್ರು.

"ಯಾರಿಗೆ?"

"ಬೇಕಾದೋರಿಗೆ."

"ಕಚೇರಿ ಎಲ್ಲಿ?"

"ಇಲ್ಲ."

"ಸದಸ್ಯರು ಏಳು ಜನ ಬೇಕು. ಎಷ್ಟಿದೀರಿ?"

"ಮೂರು."

ಅವನು ಪಕ್ಕದ ಟೇಬಲ್ಲಿನವನಿಗೆ ಕಣ್ಣು ಹೊಡೆದ. "ಮಾರಲ್ಲ, ಕಚೇರಿ ಇಲ್ಲ, ಜನ ಇಲ್ಲ. ತಲೆ ಆದ್ರೂ ಇದೆಯೇನ್ರೀ? ಮುಂದಿನವರು ಬನ್ನಿ." ಎಪ್ಪತ್ತು ದಾಟಿದ ಮೇಷ್ಟ್ರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಉಗ್ರಾಣದಿಂದ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ.

"ಮನೆ ಹೋಗುತ್ತಾ?"

"ಗೊತ್ತಿಲ್ಲ."

"ಇದು ನಮ್ಮಮ್ಮ ಕೊಟ್ಟ ಮನೆ, ಹೆಸರು ಮಾತ್ರ ನಿಂದು. ನಾನೇನು ಬರ್ದಿದ್ದೆ ನಿನ್ನ ಪ್ರೋಗ್ರಾಮಲ್ಲಿ?"

ಅವಳು ಒಗೆದ ಬಟ್ಟೆ ಮಡಚತೊಡಗಿದಳು. ನಾನೂ ಒಂದು ತುದಿ ಹಿಡಿದೆ. ಇಬ್ಬರೂ ಮಡಚಿದೆವು.

ಉಳಿದಿಬ್ಬರಿಗೂ ರಾತ್ರಿಯೇ ವಿಷಯ ತಿಳಿಸಿದ್ದೆ. ಮರುದಿನ ಊಟದ ಬಿಡುವಿನಲ್ಲಿ ಗಾರ್ಮೆಂಟ್ಸಿನವಳ ಫೋನು ಬಂತು. ಹಿಂದೆ ಮಿಷನ್ನುಗಳ ಸದ್ದು.

"ಅಣ್ಣ, ನನ್ನ ಹೆಸರು ತೆಗೆದುಬಿಡು ಅಣ್ಣ. ನಮ್ಮ ಮನೇಲಿ ಕೊಂದೇ ಹಾಕ್ತಾರೆ."

"ತೆಗೀತೀನಮ್ಮ. ಆದ್ರೆ ಯಾವ ಸಾಲು ಯಾರು ಬರೆದದ್ದು ಅನ್ನೋದು ಇಂಟರ್ನೆಟ್ಟಲ್ಲಿರೋ ಹಳೇ ಪ್ರತಿಗಳಲ್ಲೆಲ್ಲ ಇದ್ದೇ ಇರುತ್ತೆ. ತೆಗೆದದ್ದು ಯಾರು ಅನ್ನೋದೂ ಇರುತ್ತೆ."

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. "ಮೂರು ಸೆಕೆಂಡ್ ಇರ್ಲಿ ಅಂತ ಹಟ ಹಿಡಿದಿದ್ದು ನಾನೇ ಅಲ್ವಾ? ನೀನು ಎರಡು ಸಾಕು ಅಂದಿದ್ದೆ" ಎಂದಳು. ಹೌದು ಎಂದೆ. "ಹಾಗಾದ್ರೆ ಇರ್ಲಿ ಬಿಡು, ತೆಗೀಬೇಡ" ಎಂದು ಫೋನಿಟ್ಟಳು.

ಗುರುವಾರ ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ವಿಚಾರಣೆ. ಮೇಷ್ಟ್ರಿಗೆ ಉಬ್ಬಸ ಹೆಚ್ಚಾಗಿ ಬರಲಾಗಲಿಲ್ಲ. ಗಾರ್ಮೆಂಟ್ಸಿನವಳಿಗೆ ರಜೆ ಸಿಗಲಿಲ್ಲ. ವಕೀಲರು, ಮ್ಯಾನೇಜರು ಆಗಲೇ ಕೂತು ಕಾಫಿ ಕುಡಿಯುತ್ತಿದ್ದರು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೈ ಹೋದವಳಿದ್ದಳು, ಸರಕು ಇಳಿಸುವ ಹೆಂಗಸು. ಬಲಗೈ ಮೊಣಕೈವರೆಗೆ ಬ್ಯಾಂಡೇಜು. ಅದರ ತುದಿಯಲ್ಲಿ ಬೆರಳಿರುವ ಆಕಾರವೇ ಇರಲಿಲ್ಲ.

"ಇವನೇ ನೋಡಮ್ಮ ನಿನ್ನ ಕೈ ಕಿತ್ತೋನು" ಎಂದ ಮ್ಯಾನೇಜರು. "ಇವನ ಮೇಲೇ ದೂರು. ನಮ್ಮ ಮೇಲಲ್ಲ. ವಾಸಿ ಆದ್ಮೇಲೆ ಕೆಲಸ ಬೇಕಲ್ಲ ನಿಂಗೆ?"

ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಕಣ್ಣಲ್ಲಿ ಸಿಟ್ಟೂ ಇರಲಿಲ್ಲ.

"ಆ ಬಾಗಿಲು ಮಾಡಿದ್ದು ನೀನಾ?"

"ಹೂಂ ಅಕ್ಕ. ಮೂರು ಸೆಕೆಂಡ್ ಕಾಯ್ಲಿ ಅಂತ ಬರ್ದಿದ್ದು ನಾವು."

"ಮೂರಾ? ಅದೆಲ್ಲಿ ಕಾಯ್ತಿತ್ತು! ಪೆಟ್ಟಿಗೆ ಒಳಗೆ ತಳ್ಳಿ ಕೈ ತೆಗೆಯೋಕೂ ಬಿಡ್ತಿರ್ಲಿಲ್ಲ."

"ಒಂದು ಮಾಡಿದ್ರು ಅಕ್ಕ. ಬೇಡ ಅಂತ ಮೂರು ಸಲ ಬರೆದ್ವಿ."

"ಯಾರು ಒಂದು ಮಾಡಿದ್ದು?"

ಅವಳು ಮ್ಯಾನೇಜರ ಕಡೆ ತಿರುಗಿದಳು. ಅವನು ಕಾಫಿ ಲೋಟದೊಳಗೆ ನೋಡುತ್ತಿದ್ದ.

"ಅದೆಲ್ಲ ಇಲ್ಲಿ ಬೇಡ" ಎಂದರು ಅಧಿಕಾರಿ. "ನೀವು ಆ ಒಪ್ಪಿಗೆಗೆ ಸೈನ್ ಹಾಕಿ. ನೀನು ದೂರಿಗೆ ಹೆಬ್ಬೆಟ್ಟು ಒತ್ತಮ್ಮ, ಎಡಗೈದೇ ಆಗುತ್ತೆ."

ವಕೀಲರು ಮತ್ತೆ ಮುಂದಿಟ್ಟ ಹಾಳೆಯನ್ನು ನಾನು ವಾಪಸು ಅವರತ್ತ ಸರಿಸಿದೆ. "ಹಾಕಲ್ಲ ಸಾರ್." ಧೈರ್ಯದಿಂದ ಹೇಳಿದ್ದಲ್ಲ. ಬೇರೇನೂ ಹೊಳೆಯಲಿಲ್ಲ.

"ಮನೆ ಮಠ ಕಳ್ಕೊಂಡು ಸಾಯ್ತೀಯ ನೀನು" ಎಂದ ಮ್ಯಾನೇಜರು.

ಅಧಿಕಾರಿಯ ಗುಮಾಸ್ತ ಇಂಕಿನ ಪ್ಯಾಡನ್ನು ಬೆಂಚಿನ ಹತ್ತಿರ ಒಯ್ದ. ಅವಳು ಎಡಗೈಯನ್ನು ಚಾಚಿದಳು. ಒಂದು ಗಳಿಗೆ ಅದನ್ನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ಅದನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು.

"ಏಯ್, ಕೈ ತೆಗಿ" ಎಂದ ಗುಮಾಸ್ತ.

ತೆಗೆಯಲಿಲ್ಲ.

"ನಿನಗೇ ಕಣೇ ಹೇಳ್ತಿರೋದು, ಕಿವುಡೀನಾ?"

ಅವಳು ಎದುರಿನ ಗೋಡೆ ನೋಡುತ್ತಿದ್ದಳು. ಮ್ಯಾನೇಜರು ಎದ್ದು ಬಂದು ಬಗ್ಗಿ ಬಾಯಿಗೆ ಬಂದಂತೆ ಬೈದ. ಅವಳ ತಾಯಿಯನ್ನೂ ಬೈದ. ಎಂಜಲು ಕೆನ್ನೆಗೆ ಸಿಡಿಯಿತು. ಒರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ. ಇದ್ದ ಒಂದನ್ನು ಅವಳು ಹೊರಗೆ ತೆಗೆಯಲಿಲ್ಲ.

ಅಧಿಕಾರಿ ಗಡಿಯಾರ ನೋಡಿ, ಮುಂದಿನ ತಾರೀಖು ಬರೆದು ಫೈಲು ಮುಚ್ಚಿದರು. ಎಲ್ಲರೂ ಎದ್ದರು. ಗುಮಾಸ್ತ ಫ್ಯಾನು ಆರಿಸಿದ.

ಅವಳು ಏಳಲಿಲ್ಲ.