ಅಂಗೈ ಅಗಲವಾದ ದಿನ

ಪಾರ್ಶ್ವವಾಯು ಬಡಿದಂದಿನಿಂದ ನಮ್ಮ ಯಜಮಾನರ ಎಡಗೈ ಮುಷ್ಟಿ ಕಟ್ಟಿಕೊಂಡೇ ಇತ್ತು. ಒಂಬತ್ತು ತಿಂಗಳು! ಎಂಟನೇ ವಯಸ್ಸಿನಿಂದ ಆ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸಿದವರು, ಈಗ ಅದನ್ನು ಮಣೆಯ ಮೇಲಿಟ್ಟು ಮುಖ ಸಣ್ಣದು ಮಾಡಿ ಕೂರುತ್ತಿದ್ದರು. ಅಂಗಿಯ ಗುಂಡಿ ಹಾಕಲಾಗದ್ದಕ್ಕೆ ಅವರಿಗೆ ದುಃಖವಿರಲಿಲ್ಲ, ಇದಕ್ಕಿತ್ತು.

ಚೆನ್ನೈನ ಗಿಂಡಿ ಬಡಾವಣೆಯ ಪ್ರಯೋಗಾಲಯವೊಂದರಲ್ಲಿ ಮೆದುಳಿನ ಅಲೆ ಓದಿ ಬೆರಳು ಬಿಡಿಸುವ ಕೈಗವಸು ಮಾಡಿದ್ದಾರೆಂದು ಕೇಳಿ, ಆರು ವಾರದಿಂದ ಮೆಟ್ರೊ ಹತ್ತುತ್ತಿದ್ದೆವು. ಅಂದು ಕೊನೆಯ ಸರದಿ. ಅಲೆ ಒಲಿಯದಿದ್ದರೆ ಕೈಗವಸು ಬೇರೆ ರೋಗಿಗೆ.

ಸಂಶೋಧಕಿ ಶಿವರಂಜನಿ ನಮ್ಮ ಪೈಕಿಯ ಹುಡುಗಿಯೇ, ಹುಟ್ಟಿ ಬೆಳೆದದ್ದು ಚೆನ್ನೈ. ಯಜಮಾನರ ತಲೆಗೆ ತಂತಿಯ ಟೋಪಿ, ಎಡಗೈಗೆ ಅಂಗೈ ತೆರೆದೇ ಇರುವ ಆ ಕೈಗವಸು ಹಾಕಿ ಪರದೆ ತೋರಿಸಿದಳು.

"ಏಕಾಂತಪ್ಪ ತಾತಾ, ಕೈಲಿರೋ ಬಾಲ್ ಬಿಡೋ ಹಾಗೆ ನೆನೆಸ್ಕೊಳ್ಳಿ. ಈ ಅಲೆ ಈ ಗೆರೆಗಿಂತ ಕೆಳಗೆ ಇಳಿದ್ರೆ ಮೋಟಾರ್ ಓಡುತ್ತೆ."

"ಇಳೀಬೇಕಾ?" ಎಂದೆ. "ನಾ ಇಷ್ಟ್ ದಿನ ಏರ್ಲಿ ಅಂತ ಬೇಡ್ಕೊಂತಿದ್ನಲ್ಲವ್ವಾ!"

"ಅಯ್ಯೋ ಪಾಟ್ಟಿ!" ತಮಿಳಿನಲ್ಲಿ ನನ್ನನ್ನು ಅಜ್ಜಿ ಎಂದು ಕರೆದು ನಕ್ಕಳು. "ಕೈ ಸುಮ್ನಿದ್ದಾಗ ಅದು ಕುಣಿಯುತ್ತೆ. ಕೈ ಆಡ್ಸೋಕೆ ಮನಸ್ಸು ಮಾಡಿದ್ರೆ ಅಡಗುತ್ತೆ."

ಹತ್ತು ಸಲ ಮಾಡಿ ನೋಡಿದೆವು. ಅಲೆ ಕುಣಿಯುತ್ತಲೇ ಇತ್ತು.

"ಬಾಲ್ ಬಾಲ್ ಅಂತೀಯಲ್ಲ," ಯಜಮಾನರು ರೇಗಿದರು. "ನಾ ಯಾವತ್ತು ಎಡಗೈಲೆ ಚೆಂಡು ಹಿಡಿದೇನಿ?"

ನನಗೆ ಥಟ್ಟನೆ ಹೊಳೆಯಿತು. "ಚೆಂಡು ಬಿಡ್ರಿ ಅತ್ಲಾಗ. ಲಿಂಗ ಇಟ್ಕೊಳ್ಳಾಕ ಅಂಗೈ ಹ್ಯಾಂಗ ಅಗಲ ಮಾಡ್ತಿದ್ರಿ? ಮನಸ್ಸಿನ್ಯಾಗ ಹಂಗ ಮಾಡ್ರಿ."

ಅವರು ಕಣ್ಣು ಮುಚ್ಚಿದರು. ಉಸಿರು ನಿಧಾನವಾಯಿತು. ಶಿವರಂಜನಿ ನನ್ನ ತೋಳು ಹಿಡಿದಳು. ಪರದೆಯ ಮೇಲೆ ಅಲೆ ತಗ್ಗಿತು, ಇನ್ನೂ ತಗ್ಗಿತು, ಗೆರೆಯ ಕೆಳಗೆ ಹೋಯಿತು! ಕೈಗವಸು ಗುಯ್ ಎಂದಿತು. ಕಿರುಬೆರಳು, ಉಂಗುರಬೆರಳು... ಹೆಬ್ಬೆರಳೂ ಬಿಡಿಸಿಕೊಂಡಿತು.

"ಬಿಚ್ಚಿದ್ದು ಮಷೀನೋ, ನಾನೋ?" ಅವರು ಬೆರಳುಗಳನ್ನೇ ನೋಡುತ್ತಾ ಕೇಳಿದರು.

"ಎಳೆದಿದ್ದು ಮಷೀನ್, ತಾತಾ. ಆರ್ಡರ್ ನಿಮ್ದು!"

"ಹಂಗಾರ ಇನ್ನೊಮ್ಮೆ."

ಮುಷ್ಟಿ ಮುಚ್ಚಿ ಮತ್ತೆ ತೆರೆದರು. ಮೂರನೇ ಸಲ ತೆರೆದಾಗ, ಬಲಗೈಯಿಂದ ಕೊರಳ ಕರಡಿಗೆ ಬಿಚ್ಚಿ ಲಿಂಗವನ್ನು ತೆಗೆದು, ಆ ಬೆಳ್ಳಗಾದ ಅಂಗೈ ಮೇಲೆ ಇಟ್ಟುಕೊಂಡರು. ನಾನು ತಡೆಯಲಾರದೆ ಚಪ್ಪಾಳೆ ತಟ್ಟಿದೆ. ಶಿವರಂಜನಿ "ಸೂಪರ್ ತಾತಾ!" ಎಂದು ಕೂಗಿದಳು.

ಅವರು ಲಿಂಗದಿಂದ ದೃಷ್ಟಿ ಕೀಳದೆಯೇ ಗದರಿದರು:

"ಏ, ಸುಮ್ನಿರ್ರಿ ಇಬ್ಬರೂ! ಪೂಜಿ ನಡದೈತಿ."