ಬಟ್ಟೆಯಡಿಯ ಬೆರಳು

ಬೆರಳು ಕಾಣ್ತಾ ಇದೆಯಾ? — ಕೇಳಿದ್ದು ಯಾರನ್ನೂ ಅಲ್ಲ, ಅಂಗಡಿಯಲ್ಲಿ ಅವಳೊಬ್ಬಳೇ, ಕಿಟಕಿ ಪಕ್ಕದ ಉದ್ದನೆಯ ಮೇಜಿನ ಮೇಲೆ ದಂತದ ಬಣ್ಣದ ರೇಷ್ಮೆ, ಅದರಡಿಗೆ ತೂರಿಸಿದ ತನ್ನದೇ ಎಡಗೈ, ಕಾಣುತ್ತಿಲ್ಲ, ಒಂದು ಬೆರಳೂ ಕಾಣುತ್ತಿಲ್ಲ, ಕಾಣದಿದ್ದರೆ ಬಟ್ಟೆ ಒಳ್ಳೆಯದು ಎಂದು ನಲವತ್ತು ವರ್ಷದಿಂದ ನಂಬಿಕೊಂಡು ಬಂದ ಪರೀಕ್ಷೆ, ಬೆರಳ ನೆರಳು ತೋರಿದರೆ ಒಂದು ಲೈನಿಂಗ್, ಉಗುರಿನ ಅಂಚೂ ತೋರಿದರೆ ಎರಡು, ಮದುವೆಯ ದಿನ ಹೆಣ್ಣುಮಗಳು ತಲೆಯೆತ್ತಿ ನಿಲ್ಲಬೇಕು, ಎಲ್ಲಿ ಏನು ಕಾಣುತ್ತಿದೆಯೋ ಎಂದು ಬಟ್ಟೆ ಎಳೆದುಕೊಳ್ಳುತ್ತ ನಿಲ್ಲಬಾರದು, ಅದಕ್ಕೇ ಅವಳು ಹೊಲಿಯುವ ಗೌನುಗಳಿಗೆ ಕುತ್ತಿಗೆ ಮುಚ್ಚುವ ಕಾಲರು, ಮಣಿಕಟ್ಟು ದಾಟುವ ತೋಳು, ಹಿಮ್ಮಡಿ ಮುಟ್ಟುವ ಘೇರು, ಅದಕ್ಕೇ ಊರವರ ಬಾಯಲ್ಲಿ ಅವಳು ಕುತ್ತಿಗೆ ದೊಡ್ಡಮ್ಮ, ಪಕ್ಕದ ಇಸ್ತ್ರಿಯವನಂತೂ ನಿಮ್ಮ ಗೌನಿನೊಳಗೆ ಸೊಳ್ಳೆ ಹೋಗ್ಬೇಕಾದ್ರೂ ಅರ್ಜಿ ಹಾಕ್ಬೇಕು ಬಿಡಿ ಅಮ್ಮಾ ಅನ್ನುತ್ತಿದ್ದ, ಅವಳೂ ನಗುತ್ತಿದ್ದಳು, ಹೋದ ಭಾನುವಾರದ ತನಕ ನಗುತ್ತಿದ್ದಳು. ಕೈ ಹೊರಗೆ ತೆಗೆದಳು, ತಡಕಾಡಿದಾಗ ಪರದೆಯಷ್ಟು ತೆಳ್ಳಗಿನ ಜಾಲರಿ ಬಟ್ಟೆಯ ತುಂಡೊಂದು ಸಿಕ್ಕಿತು, ಅದರಡಿಗೂ ಇಟ್ಟು ನೋಡಿದಳು, ಅಲ್ಲೂ ಬೆರಳಿಲ್ಲ, ಬರೀ ಹಾಲು ಚೆಲ್ಲಿದಂಥ ಮಬ್ಬು, ಕಣ್ಣಿನ ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರು, ದೃಷ್ಟಿ ನಡುವಿನಿಂದ ಸವೀತಾ ಇದೆ, ಇನ್ನು ಸೂಜಿ ಕೆಲಸ ಸಾಕು ಮಾಡಿ, ಹ್ಞೂಂ ಅಂದು ಎದ್ದು ಬಂದವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಸೂಜಿಗೆ ಕಣ್ಣೇ ಬೇಕೆ, ಬೆರಳಿಗೆ ಗೊತ್ತು, ನಾಲಿಗೆಗೆ ಗೊತ್ತು, ಅಪ್ಪ ಬೆಳಗಿನ ಹೊತ್ತು ರಾಗವಾಗಿ ಓದುತ್ತಿದ್ದ ಪದ್ಯಗಳೆಲ್ಲ ಅವಳೊಳಗೆ ಹಾಗೇ ಇವೆ, ಗೌನಿನ ಅಂಚನ್ನು ಸುತ್ತ ಮಡಿಚಿ ಹೊಲಿಯಲು ಇಪ್ಪತ್ತು ಪದ್ಯ, ತೋಳಿಗೆ ಮೂರು, ಸಾಲಿನ ಕೊನೆಗೊಂದು ಉಸಿರು, ಉಸಿರಿಗೊಂದು ಗಂಟು, ದೇವರ ಮಾತು ಬಾಯಲ್ಲಿರುವಾಗ ಕೈ ತಪ್ಪುವುದುಂಟೇ —

ತಪ್ಪಿತು. ಮೇಷ್ಟರ ಮಗಳ ಮದುವೆ ಗೌನಿನಲ್ಲಿ, ಬಡಕಲು ಹುಡುಗಿ, ಅಳತೆ ಕೊಡುವಾಗಲೂ ಭುಜ ಮುದುಡಿಕೊಂಡವಳು, ದೊಡ್ಡಮ್ಮಾ ನಂಗೆ ತುಂಬ ಸರಳವಾಗಿರಲಿ, ಏನೂ ಎದ್ದು ಕಾಣಬಾರದು ಅಂದವಳು, ಆ ವಾರವೇ ಗುಬ್ಬಿಗೆ ಜ್ವರ ಬಂದು ಹಾಸಿಗೆ ಹಿಡಿದಿದ್ದಳು, ಗುಬ್ಬಿ ಅಂದರೆ ತಂಗಿಯ ಮಗಳು, ತಂಗಿ ಹೋದ ಮೇಲೆ ಇವಳೇ ಸಾಕಿ, ಕತ್ತರಿ ಹಿಡಿಯುವುದನ್ನೂ ಇವಳೇ ಕಲಿಸಿದ್ದು, ಚಿಕ್ಕವಳಿದ್ದಾಗ ಬಟ್ಟೆಯಡಿ ಪುಟ್ಟ ಕೈಯಿಟ್ಟು ಎಷ್ಟು ಬೆರಳು ಹೇಳು ನೋಡೋಣ ಎಂದು ಪ್ರಾಣ ತಿನ್ನುತ್ತಿದ್ದವಳು, ಮೂರು ಅಂದರೆ ಸುಳ್ಳು ಸುಳ್ಳು ಎಂದು ಒಂದು ಬೆರಳು ಮಡಿಚಿಕೊಳ್ಳುತ್ತಿದ್ದ ಕಳ್ಳಿ, ಆ ವಾರ ಅವಳಿಲ್ಲ, ಬಟ್ಟೆ ಪರೀಕ್ಷಿಸಿದ್ದು ಇವಳು, ಕತ್ತರಿಸಿದ್ದು, ಹೊಲಿದದ್ದು ಎಲ್ಲ ಇವಳೊಬ್ಬಳೇ. ಮದುವೆಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ, ಸಭಾಂಗಣದ ದೊಡ್ಡ ಬಾಗಿಲು ತೆರೆದ ಸದ್ದು, ಹುಡುಗಿ ಹೊಸ್ತಿಲಲ್ಲಿ ನಿಂತಳಂತೆ, ಬೆನ್ನ ಹಿಂದೆ ಹತ್ತು ಗಂಟೆಯ ಬಿಸಿಲಂತೆ, ಸಭೆಗೆ ಸಭೆಯೇ ಸ್ತಬ್ಧ, ಆ ಮೌನ ಕೇಳಿ ಇವಳ ಕಣ್ಣು ತುಂಬಿ ಬರುತ್ತದೆ, ದೇವರೇ, ಈ ಮುದುಕಿಯ ಕೈಕೆಲಸಕ್ಕೆ ಇಷ್ಟು ಜನ ಮಾತು ಮರೆತರಲ್ಲ ಎಂದು ತಲೆ ತಗ್ಗಿಸಿ ಕೂತಿದ್ದಾಳೆ, ಅಷ್ಟರಲ್ಲಿ ಯಾರೋ ಕಿಸಕ್ಕೆಂದರು, ಯಾರೋ ಹೆಂಗಸು ಅಯ್ಯೋ ಒಂದು ಶಾಲಾದ್ರೂ ಕೊಡ್ರೇ ಅಂದಳು, ಶಾಲು ಯಾಕೆ, ಇಷ್ಟು ಸೆಕೆಯಲ್ಲಿ ಶಾಲು ಯಾಕೆ ಎಂದು ಇವಳು ಯೋಚಿಸುತ್ತಲೇ ಇದ್ದಳು.

ಮರುದಿನ ಹುಡುಗಿಯ ತಾಯಿ ಬಂದು ಗೌನನ್ನು ಮಡಿಚಿ ಮೇಜಿನ ಮೇಲಿಟ್ಟರು, ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಮೇಲಾಗಿತ್ತು, ಒಳಗೆ ಲೈನಿಂಗೇ ಇಲ್ವಲ್ಲಮ್ಮಾ, ಮನೆಯೊಳಗೆ ಹಾಕಿ ನೋಡಿದಾಗ ಏನೂ ಗೊತ್ತಾಗ್ಲಿಲ್ಲ, ಬಿಸಿಲಿಗೆ ನಿಂತಾಗ ಕಾಲೆಲ್ಲ... ಮಗು ಒಂದು ಫೋಟೋನೂ ಬೇಡ ಅಂತಿದ್ದಾಳೆ, ನಾವು ಹುಡುಕಿಕೊಂಡು ನಿಮ್ಮ ಹತ್ರ ಬಂದಿದ್ದು ಯಾಕೆ ಹೇಳಿ — ಉತ್ತರಕ್ಕೆ ಕಾಯದೆ ಹೊರಟೇ ಹೋದರು, ಸಮಾಧಾನ ಹೇಳಲು ಬಂದ ಇಸ್ತ್ರಿಯವನು ಉಳಿದದ್ದನ್ನೂ ಸುರಿದ, ಗುಬ್ಬಿಗೆ ಜ್ವರ ಬಂದಿದ್ದೇ ಎಡವಟ್ಟಾಯ್ತು ಅಮ್ಮಾ, ಇಲ್ದಿದ್ರೆ ನೀವು ಊಟಕ್ಕೆ ಹೋದ ಮೇಲೆ ಒಂದೊಂದು ಗೌನೂ ಬೆಳಕಿಗೆ ಹಿಡಿದು, ಬಿಚ್ಚಿ, ಒಳಗೊಂದು ಪದರ ಕೂಡಿಸಿ ನನ್ಹತ್ರ ತರ್ತಿದ್ಲಲ್ಲ, ಎರಡು ವರ್ಷದಿಂದ — ನಿಮಗೆ ಗೊತ್ತಿತ್ತಲ್ವಾ? ಗೊತ್ತಿತ್ತಪ್ಪಾ ಅಂದಳು. ಊಟ ಮುಗಿಸಿ ಬಂದು ಗೌನು ಎತ್ತಿದಾಗ ತುಸು ಭಾರವೆನಿಸಿದ್ದುಂಟು, ವಯಸ್ಸಾಯಿತು, ತೋಳಿನಲ್ಲಿ ಕಸುವಿಲ್ಲ ಎಂದುಕೊಂಡಿದ್ದಳು, ಎರಡು ವರ್ಷ ಹಾಗೇ ಎಂದುಕೊಂಡಿದ್ದಳು, ಈಗ ಪದ್ಯ ಶುರು ಮಾಡಿದರೆ ಎರಡನೆಯ ಸಾಲಿಗೇ ನಿಂತುಬಿಡುತ್ತದೆ, ಮುಂದಿನ ಸಾಲಿನ ಜಾಗದಲ್ಲಿ ಆ ಬಾಗಿಲು, ಆ ಬಿಸಿಲು, ಅಂದು ಕಾಣದೇ ಹೋದದ್ದು ಈಗ ಕಣ್ಣು ಮುಚ್ಚಿದರೂ ತೆರೆದರೂ ಚೊಕ್ಕಟವಾಗಿ ಕಾಣುತ್ತದೆ, ಬಟ್ಟೆಯೊಳಗೆ ನಡುಗುವ ಎರಡು ಸಣ್ಣ ಕಾಲು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಗುಬ್ಬಿಯೇ, ಗುಂಡಿ ತರಲು ಹೋದವಳು ಬಂದಳು, ದೊಡ್ಡಮ್ಮಾ, ಆ ರೇಷ್ಮೆ ಯಾಕೆ ತೆಗೆದೆ? ಅವಳಿಗೆ ಹದಿನಾರು ತುಂಬಿದಾಗಲೇ ಅವಳ ಮದುವೆಗೆಂದು ತಂದಿಟ್ಟ ರೇಷ್ಮೆ, ಮುಂದಿನ ತಿಂಗಳು ಮದುವೆ, ಇಷ್ಟು ವರ್ಷ ಪೆಟ್ಟಿಗೆ ತೆರೆದಾಗಲೆಲ್ಲ ಮನಸ್ಸಿನಲ್ಲೇ ಕತ್ತರಿಸಿ ಹೊಲಿದು ಮುಗಿಸಿದ ಗೌನು, ಕೂತ್ಕೋ ಬಾ, ಇಸ್ತ್ರಿಯವನು ಎಲ್ಲ ಹೇಳಿದ, ನಂಗೆ ಕೋಪ ಇಲ್ಲ ಕಣೇ, ಇನ್ಮೇಲೆ ಯಾರ ಬಟ್ಟೆನೂ ಮುಟ್ಟಲ್ಲ, ಆಣೆ ಮಾಡ್ತೀನಿ, ಅಂಗಡಿ ನಿಂದು, ಬರೋರಿಗೆ ಟೀ ಕೊಟ್ಕೊಂಡು ಮೂಲೇಲಿ ಕೂತಿರ್ತೀನಿ, ಇದೊಂದು, ನಿನ್ನದೊಂದು ಮಾತ್ರ ನಾನು ಕತ್ತರಿಸ್ತೀನಿ, ನೀನು ಮೂರು ಲೈನಿಂಗ್ ಹಾಕು, ನಾಲ್ಕು ಹಾಕು, ನಿನ್ನ ಅಳತೆಗೆ ನಂಗೆ ಟೇಪೂ ಬೇಡ... ಗುಬ್ಬಿ ಮಾತಾಡುತ್ತಿಲ್ಲ, ಈ ಮೌನ ಎಂಥದ್ದು, ಮೌನಗಳನ್ನು ಇವಳು ಸರಿಯಾಗಿ ಕೇಳಲಾರಳು, ಅಳುತ್ತಿದ್ದಾಳೋ, ಒಪ್ಪುತ್ತಿದ್ದಾಳೋ, ರೇಷ್ಮೆ ಮೆಲ್ಲಗೆ ತನ್ನ ಅಂಗೈಯಡಿಯಿಂದ ಜಾರುತ್ತಿದೆ, ಆ ಕಡೆಯಿಂದ ಎಳೆದುಕೊಳ್ಳುತ್ತಿದ್ದಾಳೆ, ಗುಬ್ಬೀ —

ಆಗಲ್ಲ ದೊಡ್ಡಮ್ಮಾ. ಎರಡು ವರ್ಷ ನಿನ್ನ ಹೊಲಿಗೆ ಬಿಚ್ಚಿದ್ದೀನಿ. ನನ್ನ ಮದುವೆ ಗೌನು ಬಿಚ್ಚೋಕೆ ನನ್ನ ಕೈಲಾಗಲ್ಲ. ಕೊಡಲ್ಲ.